ಕಾಲು ಕೊಟ್ಟರೂ ಗಾಡಿ ಎಳೆಯುತ್ತಿಲ್ಲವೇ? ತಡ ಎಲ್ಲಿದೆ ಎಂದು ಮೊದಲು ಹುಡುಕಿ

ಪಕ್ಕದ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರಬೇಕು. ಎರಡು ವಾಹನಗಳ ನಡುವೆ ಜಾಗ ಸಿಕ್ಕಿತೆಂದು ಆಕ್ಸಿಲರೇಟರ್ ಒತ್ತುತ್ತೀರಿ. ಗಾಡಿ ಒಂದು ಕ್ಷಣ ಸುಮ್ಮನಿರುತ್ತದೆ. ಗಾಬರಿಯಲ್ಲಿ ಇನ್ನಷ್ಟು ಒತ್ತಿದರೆ ಒಮ್ಮೆಲೇ ಮುನ್ನುಗ್ಗುತ್ತದೆ. ಈ ಅರೆಕ್ಷಣದ ತಡ ಬರೀ ಕಿರಿಕಿರಿಯಲ್ಲ, ಅಪಾಯವೂ ಹೌದು.

ಹಳೆಯ ಕಾರುಗಳಲ್ಲಿ ಪೆಡಲ್‌ನಿಂದ ಥ್ರಾಟಲ್‌ವರೆಗೆ, ಅಂದರೆ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲಿನವರೆಗೆ, ಒಂದು ಕೇಬಲ್ ಇರುತ್ತಿತ್ತು. ಕಾಲು ಎಷ್ಟು ಒತ್ತಿತೋ ಗಾಳಿಯ ಬಾಗಿಲು ಅಷ್ಟು ತೆರೆಯುತ್ತಿತ್ತು. 1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯು ತನ್ನ 7 ಸರಣಿಯ ಕಾರಿಗೆ ಎಲೆಕ್ಟ್ರಾನಿಕ್ ಥ್ರಾಟಲ್ ತಂದಿತು. ಈಗ ಅದೇ ಸಾಮಾನ್ಯ. ಪೆಡಲ್‌ನಲ್ಲಿರುವ ಸೆನ್ಸರ್ ನೀವು ಎಷ್ಟು ಒತ್ತಿದಿರೆಂದು ಇಸಿಯುಗೆ, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಸುತ್ತದೆ. ಇಸಿಯು ಹೊಗೆ, ಇಂಧನ, ಗೇರ್, ಚಕ್ರದ ಹಿಡಿತ ಎಲ್ಲವನ್ನೂ ಲೆಕ್ಕ ಹಾಕಿ, ಆಮೇಲೆ ಪುಟ್ಟ ಮೋಟರಿನಿಂದ ಬಾಗಿಲು ತೆರೆಸುತ್ತದೆ. ಅಂದರೆ ನಿಮ್ಮ ಕಾಲು ಈಗ ಆಜ್ಞೆ ಕೊಡುವುದಿಲ್ಲ, ಮನವಿ ಸಲ್ಲಿಸುತ್ತದೆ. ಹಾಗಾಗಿ ತಡದಲ್ಲಿ ಒಂದಷ್ಟು ತಯಾರಕರೇ ಬೇಕೆಂದು ಇಟ್ಟದ್ದು. ಉಳಿದದ್ದು ದೋಷ ಇರಬಹುದು. ಎರಡನ್ನೂ ಬೇರ್ಪಡಿಸದೆ ದುಡ್ಡು ಸುರಿಯಬೇಡಿ.

ಮೊದಲು ಕಣ್ಣಿಗೆ ಕಾಣುವುದು. ಕಾಲಡಿಯ ಮ್ಯಾಟ್ ಪೆಡಲ್‌ಗೆ ಅಡ್ಡ ಬರುತ್ತಿದೆಯೇ ನೋಡಿ. ಇಂಧನ ಉಳಿಸುವ ಇಕೋ ಮೋಡ್ ಆನ್ ಇದ್ದರೆ ತೆಗೆಯಿರಿ. ಇಕೋದಲ್ಲಿ ಅದೇ ಒತ್ತಡಕ್ಕೆ ಬಾಗಿಲು ಕಡಿಮೆ ತೆರೆಯುತ್ತದೆ.

ಆಮೇಲೆ ಗೇರ್ ಪರೀಕ್ಷೆ. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಖರ್ಚೂ ಇಲ್ಲ. ನನ್ನ ಆಟೊಮ್ಯಾಟಿಕ್ ಕಾರಿಗೆ ಪಿಕಪ್ ಇಲ್ಲವೆಂದು ಥ್ರಾಟಲ್ ಕ್ಲೀನ್ ಮಾಡಿಸಿದೆ, ಏರ್ ಫಿಲ್ಟರ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಖಾಲಿ ರಸ್ತೆಯಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ, ಮೂರನೇ ಗೇರ್‌ನಲ್ಲೇ ಹಿಡಿದು ಕಾಲು ಕೊಟ್ಟೆ. ತಕ್ಷಣ ಎಳೆಯಿತು! ತಡವಾಗುತ್ತಿದ್ದದ್ದು ಥ್ರಾಟಲ್‌ನಲ್ಲಲ್ಲ, ಗೇರ್‌ಬಾಕ್ಸ್ ಕೆಳಗಿನ ಗೇರ್‌ಗೆ ಇಳಿಯುವುದರಲ್ಲಿ. ನೀವೂ ಹೀಗೇ ಮಾಡಿ. ಗೇರ್ ಹಿಡಿದಿಟ್ಟು, ಒಮ್ಮೆ 1,500 ಆರ್‌ಪಿಎಂನಿಂದ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು), ಇನ್ನೊಮ್ಮೆ 2,500ರಿಂದ ಒತ್ತಿ. 1,500ರಲ್ಲಿ ಮಾತ್ರ ತಡವಾದರೆ, ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನ್) ಇರುವ ಕಾರಾಗಿದ್ದಲ್ಲಿ ಅದು ಬಹುಶಃ ಟರ್ಬೊ ವೇಗ ಪಡೆಯುವ ತಡ. ಎರಡೂ ಕಡೆ ತಡವಾದರೆ ಮುಂದಿನ ಹಂತಕ್ಕೆ ಬನ್ನಿ.

ಮ್ಯಾನುಯಲ್ ಗೇರ್ ಕಾರಿನವರಿಗೆ ಇನ್ನೊಂದು ದೂರು ಇರುತ್ತದೆ: ಕ್ಲಚ್ ಒತ್ತಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಆರ್‌ಪಿಎಂ ಇಳಿಯುವುದಿಲ್ಲ. ಅನೇಕ ಕಾರುಗಳಲ್ಲಿ ಇದು ಹೊಗೆ ನಿಯಂತ್ರಣಕ್ಕಾಗಿ ಬಾಗಿಲನ್ನು ನಿಧಾನವಾಗಿ ಮುಚ್ಚಿಸುವ ಇಸಿಯುವಿನ ಕೆಲಸ. ಗೇರ್ ಬದಲಿಸುವಾಗ ಅರೆಕ್ಷಣ ಮುಂಚೆಯೇ ಕಾಲು ತೆಗೆದು ಅಭ್ಯಾಸ ಮಾಡಿಕೊಳ್ಳಿ.

ಸ್ಕ್ಯಾನರ್ ಹಾಕಿ ನೋಡುವುದು. ಕಾರಿನ ದೋಷ ಓದಲೆಂದೇ ಇರುವ ಓಬಿಡಿ ಪೋರ್ಟ್‌ಗೆ ಸ್ಕ್ಯಾನರ್ ಸಿಕ್ಕಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಲೈವ್ ಡೇಟಾ ತೆರೆಯಿರಿ. ಪೆಡಲ್ ಅನ್ನು ತೀರಾ ನಿಧಾನವಾಗಿ ಒತ್ತುತ್ತಾ ಹೋಗಿ. ಪೆಡಲ್ ಎಷ್ಟು ಒತ್ತಿದೆ ಎಂದು ತೋರಿಸುವ ಅಂಕಿ ಒಂದೇ ಸಮನೆ ಏರಬೇಕು. 20ರಿಂದ 35ಕ್ಕೆ ಹಾರಿದರೆ, ನಡುವೆ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ, ಸೆನ್ಸರ್ ಸವೆದಿದೆ ಅಥವಾ ಕನೆಕ್ಟರ್ ಸಡಿಲವಾಗಿದೆ. ಪೆಡಲ್‌ನಲ್ಲಿ ಸುರಕ್ಷತೆಗಾಗಿ ಎರಡು ಸೆನ್ಸರ್ ಇರುತ್ತವೆ. ಇವೆರಡರ ಮಾತು ಹೊಂದದಿದ್ದರೆ ಪಿ2138, ಥ್ರಾಟಲ್ ಬಾಡಿಯ (ಗಾಳಿಯ ಬಾಗಿಲು ಕೂತಿರುವ ಭಾಗ) ಎರಡು ಸೆನ್ಸರ್ ಹೊಂದದಿದ್ದರೆ ಪಿ2135 ಎಂಬ ದೋಷದ ಕೋಡ್ ಬರಬಹುದು. ಆಗ ಇಸಿಯು ಇಂಜಿನ್ ಶಕ್ತಿಯನ್ನೇ ತಗ್ಗಿಸಿಬಿಡುತ್ತದೆ. ರಸ್ತೆಯಲ್ಲಿ ಹಾಗಾದರೆ ಪಕ್ಕಕ್ಕೆ ನಿಲ್ಲಿಸಿ, ಅದರಲ್ಲೇ ಎಳೆದಾಡಬೇಡಿ.

ಕೋಡ್ ಇಲ್ಲ, ಆದರೆ ನಿಂತಲ್ಲೇ ಇಂಜಿನ್ ಓಡುವಾಗ (ಐಡಲಿಂಗ್) ಏರುಪೇರು, ಕಾಲು ಕೊಟ್ಟ ಕೂಡಲೇ ಜರ್ಕ್? ಪೆಟ್ರೋಲ್ ಕಾರಾದರೆ ಥ್ರಾಟಲ್ ಬಾಡಿ ಬಿಚ್ಚಿ ನೋಡಿ. ಬಾಗಿಲಿನ ಅಂಚಿಗೆ, ಅದು ಮುಚ್ಚಿ ಕೂರುವ ಜಾಗಕ್ಕೆ ಸರಿಯಾಗಿ, ಕಪ್ಪು ಅಂಟು ಬಳೆಯಂತೆ ಕೂತಿರುತ್ತದೆ. ಬೆರಳಿಗೆ ಹತ್ತಿದರೆ ಗ್ರೀಸ್‌ನಂತೆ ಜಾರುತ್ತದೆ. ಬ್ಯಾಟರಿ ತೆಗೆದು, ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಮೃದು ಬಟ್ಟೆಗೆ ಹೊಡೆದು ಒರೆಸಿ. ಬಾಗಿಲನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಗೇರ್‌ಗಳಿಗೆ ಪೆಟ್ಟಾದೀತು. ಒರೆಸಿದ ಮೇಲೆ, ಬಾಗಿಲಿನ ಮುಚ್ಚಿದ ಸ್ಥಾನವನ್ನು ಇಸಿಯುಗೆ ಹೊಸದಾಗಿ ಕಲಿಸಬೇಕಾಗಬಹುದು. ಆ ಕ್ರಮ ಕಾರಿನಿಂದ ಕಾರಿಗೆ ಬೇರೆ, ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಿಯೇ ಮಾಡಿ.

ಇಷ್ಟಾದ ಮೇಲೂ ಬೇಸರವಿದ್ದರೆ ಪೆಡಲ್‌ನ ವೈರಿಗೆ ಸೇರಿಸುವ ಥ್ರಾಟಲ್ ಕಂಟ್ರೋಲರ್ ಡಬ್ಬಿ ಇದೆ. ನನ್ನ ಮಾತು ಕೇಳುವುದಾದರೆ ಕೊನೆಗೆ ಯೋಚಿಸಿ. ಅದು ನೀವು ನೂರರಲ್ಲಿ 20 ಭಾಗ ಒತ್ತಿದ್ದನ್ನು 40 ಎಂದು ಇಸಿಯುಗೆ ಹೇಳುತ್ತದೆ, ಅಷ್ಟೆ. ಇಂಜಿನ್‌ಗೆ ಹೊಸ ಶಕ್ತಿ ಬರುವುದಿಲ್ಲ, ಗೇರ್‌ಬಾಕ್ಸ್‌ನ, ಟರ್ಬೊದ ತಡವೂ ಹೋಗುವುದಿಲ್ಲ. ನಿಧಾನವಾಗಿ ಸಾಗುವ ಸಾಲಿನಲ್ಲಿ ಗಾಡಿ ಕುಪ್ಪಳಿಸುವುದು ಮಾತ್ರ ಹೆಚ್ಚುತ್ತದೆ.

ಮೆಕ್ಯಾನಿಕ್ ಬಳಿ ಹೋಗುವುದೇ ಆದರೆ “ಪಿಕಪ್ ಇಲ್ಲ” ಎಂದಷ್ಟೇ ಹೇಳಿ ಕೀಲಿ ಕೊಡಬೇಡಿ. ಯಾವ ಗೇರ್, ಎಷ್ಟು ಆರ್‌ಪಿಎಂ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಬರೆದು ಕೊಡಿ. ಸಾಧ್ಯವಾದರೆ ಪಕ್ಕದಲ್ಲಿ ಕೂರಿಸಿಕೊಂಡು ಅದೇ ತಡವನ್ನು ಒಮ್ಮೆ ತೋರಿಸಿ.