ಮಳೆಗಾಲದ ಕತ್ತಲು ಹಜಾರಕ್ಕೆ ಬಣ್ಣ: ನನ್ನ ಅನುಭವ

ತಿಳಿ ನೀಲಿ ಬಳಿದರೆ ಮನಸ್ಸು ತಣ್ಣಗಾಗುತ್ತದೆ, ಹಳದಿ ಬಳಿದರೆ ಉಲ್ಲಾಸ ಬರುತ್ತದೆ ಎಂದು ಶೇಡ್ ಕಾರ್ಡ್ ಹಿಡಿದವರೆಲ್ಲ ಹೇಳುತ್ತಾರೆ. ಅವರು ಆ ಕಾರ್ಡನ್ನು ಆಶ್ಲೇಷ ಮಳೆಯಲ್ಲಿ ಸಾಗರದ ಕಡೆಗೆ ತಂದು, ಮಧ್ಯಾಹ್ನ ಎರಡು ಗಂಟೆಗೇ ದೀಪ ಹಾಕಬೇಕಾದ ಮನೆಯೊಳಗೆ ಬಿಚ್ಚಿ ನೋಡಲಿ. ಆ ತಿಳಿ ನೀಲಿ ಅಲ್ಲಿ ಒದ್ದೆ ಸಿಮೆಂಟಿನ ಬಣ್ಣಕ್ಕೆ ತಿರುಗಿರುತ್ತದೆ. ನಾನು ವೃದ್ಧಾಶ್ರಮವೊಂದರ ಹಜಾರವನ್ನು ಬೇರೆ ದಾರಿಯಲ್ಲಿ ಮಾಡಲು ಹೊರಟಾಗ ಇಬ್ಬರು ಮೂವರು ಗುತ್ತಿಗೆದಾರ ಮಿತ್ರರು ನಕ್ಕರು. ಎಂಜಿನಿಯರ್ ಒಬ್ಬರಂತೂ ‘ಪೇಂಟರ್ ಈಗ ಮನೋವೈದ್ಯ ಆಗಿದ್ದಾನೆ’ ಎಂದರು. ಆ ಗೋಡೆ ಈಗ ಎರಡು ಮಳೆಗಾಲ ಕಳೆದು ನಿಂತಿದೆ. ನಕ್ಕವರಲ್ಲೇ ಒಬ್ಬರು ಹೋದ ತಿಂಗಳು ಫೋನು ಮಾಡಿ ಶೇಡ್ ನಂಬರ್ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಜಂಬಿಟ್ಟಿಗೆ ಗೋಡೆಯ ಹಳೆಯ ಮನೆ, ಅದಕ್ಕೆ ಸೇರಿಸಿ ಕಟ್ಟಿದ ಉದ್ದನೆಯ ಹಜಾರ, ಹತ್ತು ಹನ್ನೆರಡು ಮಂಚ. ಮೊದಲಿನವರು ಆಸ್ಪತ್ರೆಯ ತಿಳಿ ನೀಲಿ ಬಳಿದು ಮೇಲೆ ನೀಲಿ ಛಾಯೆಯ ಬಿಳಿ ಬೆಳಕಿನ, 6500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬ್ ಹಾಕಿಸಿದ್ದರು. ಮಳೆ ಹಿಡಿಯಿತೆಂದರೆ ಅಲ್ಲಿನ ಹಿರಿಯರು ಊಟಕ್ಕೆ ಬಿಟ್ಟರೆ ಏಳುತ್ತಿರಲಿಲ್ಲ, ಕಂಬಳಿ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ವಯಸ್ಸು, ಮಳೆ, ಹಾಗೆಯೇ ಇರುತ್ತದೆ ಎಂದು ಯಜಮಾನರು ಕೈಬಿಟ್ಟಿದ್ದರು. ಅಳತೆ ತೆಗೆಯಲು ಹೋದ ದಿನ ಎಂಬತ್ತು ದಾಟಿದ ಅಜ್ಜಿಯೊಬ್ಬರು ನನ್ನನ್ನೇ ಹಳೆಯ ಪೇಂಟರ್ ಎಂದುಕೊಂಡು, ‘ಗೋಡೆಗೆ ಬೂದಿ ಬಣ್ಣ ಯಾಕೆ ಬಳಿದೆ ಮಾರಾಯ?’ ಎಂದು ಕೇಳಿದರು. ಅಜ್ಜಿಯ ಕಣ್ಣು ಸುಳ್ಳು ಹೇಳಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ನಮಗೆ ತಿಳಿ ನೀಲಿಯಾಗಿ ಕಾಣುವುದು ಅವರಿಗೆ ಬೂದಿಯಾಗಿ ಕಾಣಬಹುದು. ನಲವತ್ತರ ಕಣ್ಣಿನಿಂದ ಬಣ್ಣ ಆರಿಸಿ ಎಂಬತ್ತರ ಕಣ್ಣಿನ ಮುಂದೆ ಬಳಿಯುತ್ತೇವೆ, ಅಲ್ಲೇ ಅರ್ಧ ಕೆಲಸ ಕೆಡುತ್ತದೆ.

ಮೊದಲ ಸುತ್ತಿನಲ್ಲಿ ನಿಂಬೆ ಹಳದಿ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ ಬಳಿದೆವು. ಅಂಗಡಿಯಲ್ಲಿ ಚೆನ್ನಾಗಿಯೇ ಇತ್ತು. ಆ ಟ್ಯೂಬಿನ ಕೆಳಗೆ ಹಸಿರು ಹೊಡೆಯತೊಡಗಿತು, ಅದರ ಮುಂದೆ ಕೂತವರ ಮುಖವೆಲ್ಲ ಕಾಮಾಲೆ ಹಿಡಿದಂತೆ. ಪಡುವಣ ಗೋಡೆಯಲ್ಲಂತೂ ತಿಂಗಳು ತುಂಬುವ ಮೊದಲೇ ಗುಳ್ಳೆ ಎದ್ದು ಹಕ್ಕಳೆ ಉದುರಿತು, ಮೂಲೆಗಳಲ್ಲಿ ಬೂಷ್ಟು. ಮಳೆಯ ನೀರು ಕುಡಿದ ಜಂಬಿಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಪದರ ಹೊದಿಸಿದರೆ ಆಗುವುದೇ ಅದು. ಬಣ್ಣ, ಪುಟ್ಟಿ, ಕೂಲಿ, ಕೆರೆದು ತೆಗೆಸಿದ್ದು ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ನೀರಿನಲ್ಲಿ ಹೋಯಿತು. ಯಜಮಾನರು ಅರ್ಧ ಕೊಟ್ಟರು, ಉಳಿದದ್ದು ನನ್ನ ತಲೆಗೆ.

ಎರಡನೆಯ ಸುತ್ತಿಗೆ ಹೊರಗೋಡೆಗಳನ್ನು ಬೇಸಗೆಯಿಡೀ ಒಣಗಲು ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಸಿ, ಸುಣ್ಣಕ್ಕೇ ಹೋದೆ. ವಾರಗಟ್ಟಲೆ ನೆನೆಸಿ ಸೋಸಿದ ಸುಣ್ಣ, ಅದಕ್ಕೆ ಹಳದಿ ಆಕ್ಸೈಡ್, ಅದರಲ್ಲಿ ಚಿಟಿಕೆ ಕೆಮ್ಮಣ್ಣು. ಕೆಮ್ಮಣ್ಣು ಸೇರದಿದ್ದರೆ ಹಳದಿ ಮತ್ತೆ ಹಸಿರಿಗೇ ಓಡುತ್ತದೆ. ಪಾಲು ಎಷ್ಟೆಂದು ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಒಳಗೋಡೆಗಳಿಗೆ ಅದೇ ಬಣ್ಣದ, ತೊಳೆಯಬಹುದಾದ ಎಮಲ್ಷನ್. ಸುಣ್ಣದ ಗೋಡೆ ಮತ್ತು ಎಮಲ್ಷನ್ ಗೋಡೆ ಮೂಲೆಯಲ್ಲಿ ಕೂಡುವ ಕಡೆ ವ್ಯತ್ಯಾಸ ಕಾಣದಂತೆ ಮಾಡುವುದಕ್ಕೂ ಒಂದು ಉಪಾಯವಿದೆ. ಅದನ್ನು ನೋಡಬೇಕೆಂದರೆ ಕೆಲಸದ ಜಾಗಕ್ಕೇ ಬರಬೇಕು.

ಆರಿಸಿದ ಕ್ರಮವನ್ನು ಮಾತ್ರ ಮುಚ್ಚಿಡುವುದಿಲ್ಲ. ಎರಡಡಿ ಚೌಕದ ಪ್ಲೈವುಡ್ ತುಂಡುಗಳಿಗೆ ಏಳೆಂಟು ಬಣ್ಣ ಬಳಿದು, ಹಜಾರದ ಅತಿ ಕತ್ತಲೆಯ ಮೂಲೆಯಲ್ಲಿ ವಾರವಿಡೀ ನಿಲ್ಲಿಸಿದೆ. ಬೆಳಿಗ್ಗೆ, ಮೋಡ ಕವಿದ ಸಂಜೆ, ದೀಪ ಹಾಕಿದ ಮೇಲೆ ಎಲ್ಲ ಹೊತ್ತಿನಲ್ಲೂ ನೋಡಿದೆ. ನಾನೊಬ್ಬನೇ ನೋಡಿದ್ದಲ್ಲ, ಅಲ್ಲಿ ಮಲಗುವವರಿಂದಲೂ ಬೆರಳು ಮಾಡಿ ತೋರಿಸಿಕೊಂಡೆ. ಹೆಚ್ಚಿನವರು ತೋರಿಸಿದ್ದು ಹಳೆಯ ಬೆಣ್ಣೆಯ ಬಣ್ಣದ ತುಂಡನ್ನು. ಎಲ್‌ಆರ್‌ವಿ (ಬಿದ್ದ ಬೆಳಕಿನಲ್ಲಿ ಬಣ್ಣ ಶೇಕಡಾ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬ ಅಂಕಿ) 70ರ ಮೇಲಿರುವುದನ್ನಷ್ಟೇ ಅವರ ಮುಂದಿಟ್ಟಿದ್ದೆ, ಹಾಗಾಗಿ ಯಾವುದನ್ನು ಆರಿಸಿದರೂ ನನಗೆ ನಷ್ಟವಿರಲಿಲ್ಲ.

ಇಷ್ಟಾದರೂ ಬಣ್ಣ ಸಣ್ಣ ಪಾಲು. ದೊಡ್ಡ ಜಗಳ ನಡೆದದ್ದು ಕಿಟಕಿಗಾಗಿ. ಮೂಡಣ ಗೋಡೆಯ ಎರಡು ಕಿಟಕಿಗಳಿಗೆ ಹಲಗೆ ಹೊಡೆದು ಅಲಮಾರು ನಿಲ್ಲಿಸಿದ್ದರು. ಅದರಾಚೆಗೆ ಅಡಿಕೆ ತೋಟ! ಮಂಚಗಳೆಲ್ಲ ಎದುರಿನ ಖಾಲಿ ಗೋಡೆಗೆ ಮುಖ ಮಾಡಿದ್ದವು. ಆಗ ನಾನು ಯಜಮಾನರ ಮುಂದಿಟ್ಟದ್ದು ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳು ಅವು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧ ಕಡಿಮೆ ತೆಗೆದುಕೊಂಡರು. ಎರಡು ಗುಂಪು ಸೇರಿ 46 ಜನ ಮಾತ್ರ. ಯಜಮಾನರು ಆ ಸಣ್ಣ ಸಂಖ್ಯೆಯನ್ನೇ ಹಿಡಿದು ಎಳೆದಾಡಿದರು. ‘ನಿಮ್ಮಲ್ಲಿ ಅಷ್ಟೂ ಇಲ್ಲವಲ್ಲ, ಮಾಡಿ ನೋಡೋಣ’ ಎಂದೆ.

ಕಿಟಕಿ ದೊಡ್ಡದು ಮಾಡಿ, ಹಲಗೆ ತೆಗೆದು, ಗಾಜು ಹಾಗೂ ಸೊಳ್ಳೆ ಪರದೆ ಕೂರಿಸಿ, ಹೊರಗೆ ಇಳಿಜಾರು ಮಾಡು ಎಳೆದದ್ದಕ್ಕೆ ಎಪ್ಪತ್ತು ಸಾವಿರದ ಮೇಲಾಯಿತು. ಒಟ್ಟು ಕೆಲಸ 1.8 ಲಕ್ಷದ ಆಸುಪಾಸು, ಅದರಲ್ಲಿ ಬಣ್ಣದ ಪಾಲು ಮೂರನೆಯ ಒಂದು ಭಾಗವೂ ಇಲ್ಲ. ಮಂಚ ತಿರುಗಿಸಿದ್ದಕ್ಕೆ ಒಂದು ಪೈಸೆಯಿಲ್ಲ. ಮೊಬೈಲಿನ ಬೆಳಕಿನ ಮಾಪಕ ಹಿಡಿದು ನೋಡಿದಾಗ ಮೊದಲು ಹಾಸಿಗೆಯ ಮೇಲೆ ಐವತ್ತು ಲಕ್ಸ್ ಸಿಕ್ಕರೆ ಹೆಚ್ಚು. ಈಗ ಮಳೆಯಲ್ಲೂ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಯ ಸಾಲಿನಲ್ಲಿ ಐನೂರರ ಹತ್ತಿರ ತೋರಿಸುತ್ತದೆ. ಮೊಬೈಲಿನ ಲೆಕ್ಕ, ಹೆಚ್ಚು ಕಡಿಮೆ ಇದ್ದೀತು.

ದೀಪಗಳನ್ನೂ ಬದಲಿಸಿದೆ. ನಮ್ಮ ಅಕ್ಷಿಪಟದಲ್ಲಿ ನೋಡುವುದಕ್ಕಲ್ಲದೆ ಹಗಲೋ ಇರುಳೋ ಎಂದು ಮಿದುಳಿಗೆ ತಿಳಿಸುವುದಕ್ಕೆಂದೇ ಕೆಲವು ಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು 480 ನ್ಯಾನೋಮೀಟರ್ ಸುತ್ತಲಿನ ನೀಲಿ ಬೆಳಕಿಗೆ. ಅಂದರೆ ನೀಲಿ ಬೇಕಾದದ್ದು ಬೆಳಗಿನ ಬೆಳಕಿನಲ್ಲಿ, ರಾತ್ರಿಯ ಗೋಡೆಯಲ್ಲಲ್ಲ. ಹಗಲಿಗೆ 4000 ಕೆಲ್ವಿನ್‌ನ ಬಿಳಿ, ಸಂಜೆ ಏಳರ ಮೇಲೆ ನೀಲಿ ಕಡಿಮೆಯಿರುವ 2700ರ ಹಳದಿ ಬಲ್ಬುಗಳು, ಬೇರೆ ಬೇರೆ ಸ್ವಿಚ್ಚು. ರಾತ್ರಿ ಪಾಳಿಯ ಹುಡುಗಿ ಅಭ್ಯಾಸಬಲದಿಂದ ಹಗಲಿನದ್ದನ್ನೇ ಹಾಕುತ್ತಿದ್ದಳು. ಕೊನೆಗೆ ಆ ಸ್ವಿಚ್ಚಿಗೆ ಟೇಪು ಅಂಟಿಸಬೇಕಾಯಿತು.

ಅತಿ ಅಗ್ಗದಲ್ಲಿ ಅತಿ ಹೆಚ್ಚು ಹೆಸರು ಬಂದದ್ದು ಶೌಚಾಲಯದಿಂದ. ಬಿಳಿ ಟೈಲು, ಬಿಳಿ ಕಮೋಡ್, ಬಿಳಿ ಬಾಗಿಲು. ಮಂಜುಗಣ್ಣಿಗೆ ಅಲ್ಲಿ ಕೂರುವ ಜಾಗ ಯಾವುದೆಂದೇ ತಿಳಿಯುವುದಿಲ್ಲ. ಬಾಗಿಲಿಗೆ ದಟ್ಟ ಕಾವಿ ಬಳಿದು, ಕಮೋಡಿಗೆ ಕೆಂಪು ಸೀಟು ಹಾಕಿಸಿದೆ. ಹೊಸ್ತಿಲಿನ ಕಪ್ಪು ಕಾಲೊರಸನ್ನು ಎತ್ತಿಸಿ, ನೆಲದ ಬಣ್ಣದ್ದೇ ಇಡಿಸಿದೆ. ಮರೆವಿನ ಕಾಯಿಲೆಯವರಿಗೆ ಕಪ್ಪು ಚೌಕ ಗುಂಡಿಯಾಗಿ ಕಾಣಬಹುದು. ಅಜ್ಜನೊಬ್ಬರು ಅದರ ಮುಂದೆ ದಿನವೂ ನಿಂತು ಗೋಡೆ ಹಿಡಿದುಕೊಳ್ಳುತ್ತಿದ್ದರು, ಈಗ ಸೀದಾ ನಡೆದು ಹೋಗುತ್ತಾರೆ. ಖರ್ಚು ಎರಡು ಸಾವಿರವೂ ಇಲ್ಲ.

ನಡುವೆ ಒಂದೆರಡು ಚಪಲಗಳನ್ನೂ ತೀರಿಸಿಕೊಂಡೆ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯಲ್ಲಿ ಕೋಣೆಗೆ ಗುಲಾಬಿ ಬಳಿದು ಕೈದಿಗಳ ಸಿಟ್ಟು ಇಳಿಸಲು ನೋಡಿದ್ದರು. ಅಳತೆಯೂ ಸರಳ, ಎಂಟು ಪಾಲು ಬಿಳಿಗೆ ಒಂದು ಪಾಲು ಕೆಂಪು. ಆಶ್ರಮದಲ್ಲಿ ಸದಾ ಜಗಳ ನಡೆಯುವ ಜಾಗವೆಂದರೆ ಟಿವಿ ಕೋಣೆ, ಅಲ್ಲಿಗೇ ಬಳಿದೆ. ಜಗಳ ಇಳಿಯಲಿಲ್ಲ. ‘ಇದು ಬಾಣಂತಿ ಕೋಣೆಯೇ?’ ಎಂದು ಹೊಸ ಜಗಳ ಶುರುವಾಯಿತು. ಆ ಗುಲಾಬಿಯನ್ನು ಮುಂದೆ ಪರೀಕ್ಷಿಸಿದವರಿಗೂ ಗುಣ ಕಾಣಲಿಲ್ಲವಂತೆ, ನನಗೆ ಆಶ್ಚರ್ಯವಾಗಲಿಲ್ಲ. ಎರಡನೆಯದು ಹಜಾರದೊಳಗೆ ಕುಂಡಗಳನ್ನಿಟ್ಟದ್ದು. ಕ್ರೋಟನ್ ಎಲೆ ಉದುರಿಸಿತು, ತಟ್ಟೆಯ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟಿತು. ಮೂರು ಸಾವಿರ ದಂಡ. ಅದರ ಬದಲು ಕಿಟಕಿಯ ಹೊರಗೆ ಕೆಂಪು ದಾಸವಾಳ ನೆಟ್ಟೆವು. ಈಗ ಅದಕ್ಕೆ ಸೂರಕ್ಕಿ ಬರುತ್ತದೆ, ಅದು ಬರುವ ಹೊತ್ತಿಗೆ ಇಬ್ಬರು ಅಜ್ಜಿಯರು ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ.

ಈಗ ಮಳೆಗಾಲದಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಹಗಲು ಹಾಸಿಗೆ ಬಿಟ್ಟು ಏಳುತ್ತಾರೆ. ರಾತ್ರಿ ಎದ್ದು ಓಡಾಡುವವರು ಕಡಿಮೆಯಾಗಿದ್ದಾರೆ ಎಂದು ಪಾಳಿಯವರೇ ಹೇಳುತ್ತಾರೆ. ಯಜಮಾನರು ಇದೆಲ್ಲ ಬಣ್ಣದ ಮಹಿಮೆ ಎಂದು ಬಂದವರಿಗೆ ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ಕಿಟಕಿಗೆ ಅರ್ಧಕ್ಕಿಂತ ಹೆಚ್ಚು, ದೀಪಕ್ಕೆ ಒಂದಿಷ್ಟು, ಉಳಿದದ್ದು ಗೋಡೆಗೆ. ಆದರೆ ಹೊಗಳಿಕೆ ಬಂದಾಗ ತಡೆಯುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಶೇಡ್ ನಂಬರ್ ಕೇಳಿದ ಮಿತ್ರರಿಗೆ ಕೊಟ್ಟಿಲ್ಲ. ಅವರ ಕೆಲಸ ತೆಂಕಣ ಬಿಸಿಲಿಗೆ ತೆರೆದ ಕೋಣೆ, ನನ್ನ ಬಣ್ಣ ಅಲ್ಲಿ ಕಣ್ಣಿಗೆ ಚುಚ್ಚುತ್ತದೆ. ಪ್ಲೈವುಡ್ ತುಂಡಿನ ಕ್ರಮ ಹೇಳಿಕೊಟ್ಟಿದ್ದೇನೆ. ನನ್ನ ಮುಂದಿನ ಕೆಲಸ ಒಂದು ಶುಶ್ರೂಷಾಲಯದ ಹೆರಿಗೆ ವಾರ್ಡು. ಮಾಲೀಕರು ಈಗಲೇ ಗುಲಾಬಿ ಎನ್ನುತ್ತಿದ್ದಾರೆ. ನಾನು ಕಿಟಕಿಯ ದರಪಟ್ಟಿ ಕಳಿಸಿ ಕಾಯುತ್ತಿದ್ದೇನೆ.