ಇಯರ್‌ಪ್ಲಗ್ ಹಾಕಿದರೂ ಕಿವಿ ಗುಂಯ್‌ಗುಡುತ್ತಿತ್ತು: ಸರಿಯಾದದ್ದು ಹೀಗೆ

ಪೀಣ್ಯದಲ್ಲಿ ಲೋಹದ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ನನ್ನ ಕೆಲಸ. ಶಿಫ್ಟ್ ಮುಗಿದ ಮೇಲೂ ರಾತ್ರಿವರೆಗೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಮನೆಯಲ್ಲಿ ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದೆ.

ಹತ್ತಿ ಇಟ್ಟೆ, ಏನೂ ಪ್ರಯೋಜನ ಇಲ್ಲ. ಹೆಡ್‌ಫೋನ್ ತರ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿದೆ, ಆದರೆ ಸೇಫ್ಟಿ ಕನ್ನಡಕದ ಕಡ್ಡಿ ಕುಶನ್ನನ್ನು ಎತ್ತಿ ಹಿಡಿದು ಸಂದು ಬಿಡುತ್ತಿತ್ತು. ಫೋಮ್ ಪ್ಲಗ್ಗೂ ಹತ್ತು ನಿಮಿಷಕ್ಕೆ ಜಾರಿ ಹೊರಗೆ ಬರುತ್ತಿತ್ತು. ಪ್ಯಾಕೆಟ್ ಮೇಲೆ 29 ಡೆಸಿಬಲ್ ಶಬ್ದ ತಗ್ಗಿಸುತ್ತೆ ಅಂತ ಬರೆದಿದ್ದರೂ ಒಳಗೆ ಸರಿಯಾಗಿ ಕೂರದಿದ್ದರೆ ಅದು ಸುಮ್ನೆ ಅಂಕಿ ಅಷ್ಟೇ.

ತಪ್ಪಿದ್ದದ್ದು ಹಾಕುವ ರೀತಿಯಲ್ಲಿ. ಮೊದಲು ಕೈ ತೊಳೆಯಿರಿ, ಇಲ್ಲದಿದ್ದರೆ ಆಯಿಲ್, ಲೋಹದ ಚೂರು ಕಿವಿಗೆ ಹೋಗುತ್ತೆ. ಪ್ಲಗ್ಗನ್ನು ಉಂಡೆ ಮಾಡಬೇಡಿ, ಊದುಬತ್ತಿ ಹೊಸೆದ ಹಾಗೆ ಬೆರಳಲ್ಲಿ ಉರುಳಿಸಿ, ಮಡಿಕೆ ಬೀಳದಂತೆ ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಒಳದಾರಿ ನೆಟ್ಟಗಾಗುತ್ತೆ, ಇದನ್ನೇ ನಾನು ಬಿಟ್ಟಿದ್ದೆ. ತಕ್ಷಣ ಒಳಗೆ ತಳ್ಳಿ, ಬೆರಳ ತುದಿಯಲ್ಲಿ ಒತ್ತಿ ಹಿಡಿದು ನಿಧಾನವಾಗಿ 30 ಎಣಿಸಿ. ಬೇಗ ಬೆರಳು ತೆಗೆದರೆ ಫೋಮ್ ಉಬ್ಬುತ್ತಾ ಹಿಂದಕ್ಕೆ ಬರುತ್ತೆ.

ಮಷೀನ್ ಓಡುವಾಗ ಅಂಗೈಗಳಿಂದ ಎರಡೂ ಕಿವಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಶಬ್ದ ತುಂಬಾ ಕಡಿಮೆಯಾದರೆ ಪ್ಲಗ್ ಕೂತಿಲ್ಲ, ಹೊರಗೆ ಹೋಗಿ ಮತ್ತೆ ಹಾಕಿ. ಈಗ ಶಾಪ್ ಬಾಗಿಲ ಆಚೆಯೇ ಹಾಕಿಕೊಂಡು ಒಳಗೆ ಬರುತ್ತೇನೆ, ಮಾತಾಡಲು ಕೂಡ ಒಳಗೆ ತೆಗೆಯಲ್ಲ, ದಿನಕ್ಕೊಂದು ಹೊಸ ಜೊತೆ. ಎರಡನೇ ವಾರದಿಂದ ರಾತ್ರಿ ಗುಂಯ್ ಇಲ್ಲ.