ವಾಪಸ್ ಬಂದ ಡಬ್ಬಿ ತೆರೆದು ನೋಡಿ: ಮನೆಯಿಂದಲೇ ಕ್ಯಾರಿಯರ್ ಊಟ ಶುರು ಮಾಡುವುದು ಹೇಗೆ?

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಒಂದು ಸುತ್ತು ಹಾಕಿ. ದೊಡ್ಡ ಮನೆ, ಮುಂದೆ ಪಾರಿಜಾತದ ಗಿಡ, ಒಳಗೆ ಇಬ್ಬರೇ ಇಬ್ಬರು ಹಿರಿಯರು. ಎಷ್ಟೋ ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಕುಕ್ಕರ್ ಎತ್ತುವಷ್ಟು ಶಕ್ತಿ ಕೈಯಲ್ಲಿ ಉಳಿದಿಲ್ಲ. ಮೊಬೈಲ್‌ನಲ್ಲಿ ಆರ್ಡರ್ ಮಾಡಲು ಬರುವುದಿಲ್ಲ, ಬಂದರೂ ಹೋಟೆಲ್ ಊಟ ದಿನಾ ಒಗ್ಗುವುದಿಲ್ಲ. ಅವರಿಗೆ ಬೇಕಾಗಿರುವುದು ಬಿಸಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಜೊತೆಗೆ ಅದನ್ನು ತಂದುಕೊಡುವ ಒಂದು ಗುರುತಿನ ಮುಖ.

ನಾನು ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. 5 ಮನೆಯಿಂದ ಶುರುವಾಗಿದ್ದು ಈಗ 22 ಮನೆ ಆಗಿದೆ. 'ನಾನೂ ಶುರು ಮಾಡಬೇಕು, ಹೇಗೆ?' ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಮೈಸೂರಿಗೆ ಇಂಥ ಅಡುಗೆಮನೆಗಳು ಇನ್ನೂ ಬೇಕು. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

1. ಮೊದಲು ದಾರಿ, ಆಮೇಲೆ ಅಡುಗೆ

ಎಲ್ಲರೂ ಮೆನುವಿನಿಂದ ಶುರು ಮಾಡುತ್ತಾರೆ. ನೀವು ರಸ್ತೆಯಿಂದ ಶುರು ಮಾಡಿ. ಒಂದು ವಾರ ದಿನಾ ಬೆಳಿಗ್ಗೆ ಹನ್ನೊಂದೂವರೆಗೆ ಸ್ಕೂಟರ್ ತೆಗೆದುಕೊಂಡು ಹೊರಡಿ. ಎಲ್ಲಿ ಟ್ರಾಫಿಕ್ ನಿಲ್ಲುತ್ತದೆ, ಯಾವ ರಸ್ತೆ ಅಗೆದಿದ್ದಾರೆ, ಎಲ್ಲಿ ಸ್ಕೂಲ್ ಬಿಡುತ್ತದೆ ಎಂದು ಬರೆದುಕೊಳ್ಳಿ. ಕುಕ್ಕರಹಳ್ಳಿ ಕೆರೆ ಹತ್ತಿರದ ರೈಲ್ವೆ ಗೇಟ್ ಹಾಕಿದರೆ ಎಷ್ಟು ಹೊತ್ತು ಕಾಯಬೇಕು ಎಂದು ಗಡಿಯಾರ ನೋಡಿ. ನನ್ನ ಮನೆಗಳೆಲ್ಲ ಗೇಟಿನ ಒಂದೇ ಕಡೆ ಇವೆ. ಆಚೆ ಕಡೆಯಿಂದ ಎಷ್ಟು ಸಲ ಕೇಳಿದರೂ ನಾನು ಒಪ್ಪಿಕೊಂಡಿಲ್ಲ.

ಒಂದು ಮನೆಗೆ 4 ನಿಮಿಷ ಹಿಡಿಯಿರಿ. ಹಿರಿಯರು ಎದ್ದು ಬಂದು ಬಾಗಿಲು ತೆಗೆಯಲು ಅಷ್ಟು ಹೊತ್ತು ಬೇಕು. 20 ಮನೆಗೆ 80 ನಿಮಿಷ ಆಯಿತು. ಹನ್ನೊಂದೂವರೆಗೆ ಹೊರಟರೆ ಕೊನೆಯ ಮನೆ ಮುಟ್ಟುವಾಗ ಹನ್ನೆರಡು ಐವತ್ತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾಗುವಂತಿಲ್ಲ. ಹಾಗಾಗಿ ಅಂಥವರ ಮನೆ ದಾರಿಯಲ್ಲಿ ಮೊದಲು ಬರಬೇಕು. ನಿಮ್ಮ ಮನೆಯಿಂದ 3 ಕಿಲೋಮೀಟರ್ ದಾಟಬೇಡಿ.

ಮಂಡ್ಯದವರಿಗೆ ಈ ಲೆಕ್ಕ ಸುಲಭ. ವಿದ್ಯಾನಗರ, ಅಶೋಕನಗರ, ಸುಭಾಷ್‌ನಗರ ಎಲ್ಲ ಹತ್ತಿರ ಹತ್ತಿರ. ಒಂದು ಮಾತು ಮಾತ್ರ ನೆನಪಿರಲಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಸ್ಕೂಟರ್, ಆಟೋ ಬಿಡುವುದಿಲ್ಲ. ಶ್ರೀರಂಗಪಟ್ಟಣದ ಕಡೆ ಗಿರಾಕಿ ಸಿಕ್ಕರೆ ಸರ್ವಿಸ್ ರಸ್ತೆಯ ಹೊತ್ತನ್ನೇ ಲೆಕ್ಕ ಹಾಕಿ.

2. ಐದು ಮನೆ, ಹತ್ತು ದಿನ

ಬೋರ್ಡ್ ಹಾಕಬೇಡಿ, ಪಾಂಪ್ಲೆಟ್ ಹಂಚಬೇಡಿ. ಗುರುತಿನ 5 ಮನೆಗೆ 10 ದಿನ ಊಟ ಕೊಡಿ. ಅಕ್ಕಿ, ಬೇಳೆ, ತರಕಾರಿ, ಗ್ಯಾಸ್, ಪೆಟ್ರೋಲ್, ಕೊತ್ತಂಬರಿ ಸೊಪ್ಪಿನವರೆಗೆ ಪ್ರತಿಯೊಂದು ಚೀಟಿಯನ್ನೂ ಒಂದು ಡಬ್ಬದಲ್ಲಿ ಹಾಕಿ. ಕೊನೆಗೆ ಕೂಡಿ 50 ಊಟದಿಂದ ಭಾಗಿಸಿ.

ಉದಾಹರಣೆಗೆ ಒಟ್ಟು ಖರ್ಚು 3,250 ರೂಪಾಯಿ ಆಯಿತು ಎನ್ನಿ. ಒಂದು ಊಟಕ್ಕೆ 65. ಇಲ್ಲಿಗೆ ನಿಲ್ಲಿಸಿ 'ಎಪ್ಪತ್ತೈದಕ್ಕೆ ಕೊಟ್ಟರೆ ಹತ್ತು ರೂಪಾಯಿ ಲಾಭ' ಎಂದುಕೊಂಡವರು ಆರು ತಿಂಗಳಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ನಿಮ್ಮ ಕೂಲಿ ಎಲ್ಲಿ ಹೋಯಿತು? ದಿನಕ್ಕೆ 500 ರೂಪಾಯಿ ಕೂಲಿ ಇಟ್ಟು 20 ಮನೆಗೆ ಹಂಚಿದರೆ ಊಟಕ್ಕೆ 25. ಪಾತ್ರೆ ಸವೆತ, ಮಿಕ್ಸಿ ರಿಪೇರಿ, ಸ್ಕೂಟರ್ ಸರ್ವಿಸ್‌ಗೆ 10. ಅಲ್ಲಿಗೆ 100 ಆಯಿತು. ನಿಮ್ಮ ಚೀಟಿಗಳಲ್ಲಿ ಬೇರೆ ಸಂಖ್ಯೆ ಬರುತ್ತದೆ, ಆದರೆ ಲೆಕ್ಕದ ದಾರಿ ಇದೇ. ಹೆಂಗಸರು ತಮ್ಮ ಕೈಕೆಲಸಕ್ಕೆ ಬೆಲೆ ಕಟ್ಟದೆ ಇರುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಅಳತೆಗೆ ಒಂದು ಅಂದಾಜು: ಹಿರಿಯರೊಬ್ಬರಿಗೆ ಒಂದು ಹೊತ್ತಿಗೆ 100 ಗ್ರಾಂ ಅಕ್ಕಿಗಿಂತ ಜಾಸ್ತಿ ಬೇಡ. ಹುಳಿಗೆ 30ರಿಂದ 40 ಗ್ರಾಂ ಬೇಳೆ. ದಿನಸಿ ಸಂತೇಪೇಟೆಯಲ್ಲಿ ತಿಂಗಳಿಗೊಮ್ಮೆ, ತರಕಾರಿ ಎಂ.ಜಿ. ರಸ್ತೆ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಬೇಗ ಹೋಗಿ ತಂದರೆ ಉಳಿತಾಯ. ಆಯಾ ಕಾಲದಲ್ಲಿ ಸಿಗುವುದನ್ನೇ ಮಾಡಿ. ಅವರೆಕಾಯಿ ಕಾಲದಲ್ಲಿ ವಾರಕ್ಕೊಮ್ಮೆ ಹಿತಕಿದ ಬೇಳೆ ಸಾರು ಕಳಿಸಿದರೆ ಬೇರೆ ಜಾಹೀರಾತೇ ಬೇಡ.

3. ಕಾಗದಪತ್ರ

ಮನೆಯಲ್ಲಿ ಮಾಡಿ ಮಾರಿದರೂ ಆಹಾರ ಸುರಕ್ಷತಾ ನೋಂದಣಿ ಬೇಕೇ ಬೇಕು. ಇದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ (FoSCoS) ಎಂಬ ವೆಬ್‌ಸೈಟ್‌ನಲ್ಲಿ ಆಗುತ್ತದೆ. ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಬರೀ ನೋಂದಣಿ ಸಾಕು. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಇಟ್ಟುಕೊಳ್ಳಿ. ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಾವಿರಗಟ್ಟಲೆ ಕೇಳುವ ಏಜೆಂಟರ ಬಳಿ ಹೋಗಬೇಡಿ. ಸಿಗುವ 14 ಅಂಕಿಯ ನಂಬರನ್ನು ಬಿಲ್ಲಿನ ಮೇಲೆ ಹಾಕಿ.

ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ದುಡ್ಡೇ ಇಲ್ಲ, ಆಧಾರ್ ಮತ್ತು ಪ್ಯಾನ್ ಇರಬೇಕು. ಸಾಲ ಬೇಕಾದರೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ 'ಶಿಶು' ಸಾಲ ಕೇಳಿ, 50,000 ರೂಪಾಯಿವರೆಗೆ ಸಿಗುತ್ತದೆ. ಮನೆಯ 14.2 ಕಿಲೋ ಸಿಲಿಂಡರ್‌ನಲ್ಲಿ ವ್ಯಾಪಾರದ ಅಡುಗೆ ಮಾಡುವಂತಿಲ್ಲ. 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಂಡು ಅದರ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ.

4. ಅಡುಗೆಮನೆಯ ಗಡಿಯಾರ

ಒಂದು ಏಪ್ರಿಲ್ ತಿಂಗಳಲ್ಲಿ ಮಜ್ಜಿಗೆಹುಳಿಯನ್ನು ಬೆಳಿಗ್ಗೆ ಎಂಟಕ್ಕೇ ಮಾಡಿ ಮುಚ್ಚಿಟ್ಟಿದ್ದೆ. ಒಂಬತ್ತು ಮನೆಗೆ ಕೊಟ್ಟ ಮೇಲೆ ಹತ್ತನೇ ಡಬ್ಬಿ ತೆಗೆದಾಗ ವಾಸನೆ ಬಂತು. ರಸ್ತೆಯಲ್ಲೇ ನಿಂತು ಒಂಬತ್ತೂ ಮನೆಗೆ ಫೋನ್ ಮಾಡಿದೆ. 'ಹುಳಿ ಹಳಸಿದೆ, ದಯವಿಟ್ಟು ತಿನ್ನಬೇಡಿ, ಅರ್ಧ ಗಂಟೆಯಲ್ಲಿ ಬರುತ್ತೇನೆ' ಅಂದೆ. ಅವಲಕ್ಕಿ ಒಗ್ಗರಣೆ, ಮೊಸರು ಮಾಡಿಕೊಂಡು ಮತ್ತೆ ಹೋದೆ. ಆ ದಿನದ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಮನೆಯೂ ಬಿಟ್ಟುಹೋಗಲಿಲ್ಲ. ಫೋನ್ ಮಾಡದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಬೆಂದ ಅಡುಗೆ 5ರಿಂದ 60 ಡಿಗ್ರಿ ಶಾಖದ ನಡುವೆ ಹೆಚ್ಚು ಹೊತ್ತು ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನ್ನವೂ ಇದರಿಂದ ಹೊರತಲ್ಲ. ಹಾಗಾಗಿ ಹೆಚ್ಚುವುದು, ರುಬ್ಬುವುದು ಬೆಳಿಗ್ಗೆ ಏಳಕ್ಕೆ. ಪಲ್ಯ ಹತ್ತಕ್ಕೆ. ಕಾಯಿ ರುಬ್ಬಿ ಹಾಕುವ ಹುಳಿ ಹತ್ತೂವರೆಗೆ. ಅನ್ನ ಕೊನೆಗೆ. ಹನ್ನೊಂದೂಕಾಲಕ್ಕೆ ಕುದಿಯುವುದನ್ನೇ ಡಬ್ಬಿಗೆ ಹಾಕಬೇಕು.

ಮುದ್ದೆ ಕೇಳುವವರೂ ಇರುತ್ತಾರೆ, ಮಂಡ್ಯದ ಕಡೆಯಂತೂ ಬಸ್ಸಾರು ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ. ಮೇಲೆ ತುಪ್ಪ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಟ್‌ಬಾಕ್ಸ್‌ನಲ್ಲಿಟ್ಟು ಆ ಮನೆಗೆ ಆದಷ್ಟು ಬೇಗ ಹೋಗಿ.

5. ಡಬ್ಬಿ ಮತ್ತು ಸ್ಕೂಟರ್

ಮನೆಗೆ ಎರಡು ಸ್ಟೀಲ್ ಕ್ಯಾರಿಯರ್ ಬೇಕು. ತುಂಬಿದ್ದು ಕೊಟ್ಟು ಖಾಲಿಯದು ತರುವುದು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದುಕೊಡುತ್ತಾರಲ್ವಾ, ಅಲ್ಲೇ ಮನೆಯ ನಂಬರ್ ಕೊರೆಸಿ. ಮುಚ್ಚಳದ ಮೇಲೂ ಕೊರೆಸಬೇಕು. ಉಪ್ಪು ಕಡಿಮೆ ಹಾಕಿದ ಡಬ್ಬಿ ಬೇರೆ ಮನೆಗೆ ಹೋಗಬಾರದು. ಬಿಸಿ ಸಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟುವುದು ಬೇಡವೇ ಬೇಡ. ಸ್ಕೂಟರ್ ಹಿಂದೆ ಒಂದು ಕ್ರೇಟ್ ಕಟ್ಟಿಸಿ, ಒಳಗೆ ಹಳೇ ಬೆಡ್‌ಶೀಟ್ ಹಾಸಿ. ಹ್ಯಾಂಡಲ್‌ಗೆ ನೇತುಹಾಕಿದರೆ ಚೆಲ್ಲುತ್ತದೆ, ಬ್ಯಾಲೆನ್ಸೂ ತಪ್ಪುತ್ತದೆ.

ವಿಳಾಸ ಕೇಳುವಾಗ ಮೇನ್, ಕ್ರಾಸ್ ಜೊತೆ ಬ್ಲಾಕನ್ನೂ ಕೇಳಿ. ಕುವೆಂಪುನಗರದಲ್ಲಿ ಕೆ ಬ್ಲಾಕ್, ಎಂ ಬ್ಲಾಕ್ ಅಂತ ಸರಿಯಾಗಿ ತಿಳಿಯದಿದ್ದರೆ ಹದಿನೈದು ನಿಮಿಷ ಅಲೆಯಬೇಕಾಗುತ್ತದೆ.

6. 'ಹೇಗಿತ್ತು?' ಅಂತ ಕೇಳಬೇಡಿ

ಮೈಸೂರಿನ ಹಿರಿಯರು ದೂರು ಹೇಳುವವರಲ್ಲ. 'ಹೇಗಿತ್ತಮ್ಮ ಊಟ?' ಎಂದರೆ 'ಪರವಾಗಿಲ್ಲಮ್ಮ, ಚೆನ್ನಾಗಿತ್ತು' ಎನ್ನುತ್ತಾರೆ. ತಿಂಗಳ ಕೊನೆಗೆ 'ಮಗಳ ಮನೆಗೆ ಹೋಗುತ್ತಿದ್ದೇವೆ, ಬಂದ ಮೇಲೆ ಹೇಳುತ್ತೇವೆ' ಎಂದು ನಿಲ್ಲಿಸಿಬಿಡುತ್ತಾರೆ. ಮೊದಲ ವರ್ಷ ನನಗೆ ಹೀಗೆ ನಾಲ್ಕು ಮನೆ ಹೋದವು. ಕಾರಣ ಗೊತ್ತಾಗಲೇ ಇಲ್ಲ.

ಆಮೇಲೆ ವಾಪಸ್ ಬಂದ ಡಬ್ಬಿಗಳನ್ನು ನೋಡಲು ಶುರು ಮಾಡಿದೆ. ಒಂದು ಮನೆಯಿಂದ ಬೀನ್ಸ್ ಪಲ್ಯ ಪ್ರತಿ ಸಲ ಅರ್ಧ ವಾಪಸ್ ಬರುತ್ತಿತ್ತು. ಹಲ್ಲಿಗೆ ಗಟ್ಟಿಯಾಗುತ್ತಿತ್ತು, ಅಷ್ಟೇ. ಇನ್ನೊಂದು ಮನೆಯಲ್ಲಿ ಸಾರು ಖಾಲಿ, ಹುಳಿ ಹಾಗೇ. ಅವರಿಗೆ ಬೇಳೆ ಹೊಟ್ಟೆಗೆ ಆಗುತ್ತಿರಲಿಲ್ಲ. ಒಂದು ಮಾತು ಬಾಯಿ ಬಿಟ್ಟು ಹೇಳಿರಲಿಲ್ಲ.

ಬಹಳ ಜನ ಡಬ್ಬಿ ತೊಳೆದೇ ಕೊಡುತ್ತಾರೆ, ನಮ್ಮ ಕಡೆ ಎಂಜಲು ಡಬ್ಬಿ ಕೊಡುವುದು ಸಂಕೋಚ. ಅಂಥವರನ್ನು 'ಇವತ್ತು ಏನು ಉಳೀತು ಸಾರ್?' ಎಂದು ಕೇಳಿ. ಈ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ. 'ಸ್ವಲ್ಪ ಪಲ್ಯ ಉಳೀತಮ್ಮ' ಎಂದರೆ ಅರ್ಥ ಮಾಡಿಕೊಳ್ಳಿ.

ಒಂದು ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಇಡಿ. ಈರುಳ್ಳಿ, ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ. ಏಕಾದಶಿಗೆ ಅನ್ನ ಬೇಡವೋ. ಬಿ.ಪಿ. ಇದೆಯೋ, ಉಪ್ಪು ಎಷ್ಟು. ತಿಥಿಯ ದಿನ ಯಾವುದು. ಮಕ್ಕಳ ಫೋನ್ ನಂಬರ್, ಪಕ್ಕದ ಮನೆಯವರ ನಂಬರ್. ಈ ಪುಟವೇ ನಿಮ್ಮ ಆಸ್ತಿ.

7. ಬಾಗಿಲು ತೆಗೆಯದಿದ್ದರೆ

ಡಬ್ಬಿಯನ್ನು ಗೇಟಿಗೆ ನೇತುಹಾಕಿ ಬರಬೇಡಿ. ಕೈಗೇ ಕೊಡಿ, ಮುಖ ನೋಡಿ. ಬೆಲ್ ಮಾಡಿ ಎರಡು ನಿಮಿಷ ಕಾಯಿರಿ. ಆಮೇಲೆ ಅವರ ಫೋನಿಗೆ, ನಂತರ ಪಕ್ಕದ ಮನೆಗೆ, ನಂತರ ಮಕ್ಕಳಿಗೆ. ಮೂರು ವರ್ಷದ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಬೆಲ್ ಮಾಡಿದರೆ ಉತ್ತರ ಇಲ್ಲ, ಒಳಗೆ ಫೋನ್ ರಿಂಗಾಗುವುದು ಕೇಳಿಸುತ್ತಿತ್ತು. ಪಕ್ಕದವರ ಬಳಿ ಇದ್ದ ಕೀಲಿಯಿಂದ ತೆಗೆದೆವು. ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದವರು ಏಳಲಾಗದೆ ಅಲ್ಲೇ ಇದ್ದರು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆವು. ಅವರು ಈಗಲೂ ನನ್ನ 7ನೇ ನಂಬರ್ ಡಬ್ಬಿ.

108 ಆಂಬುಲೆನ್ಸ್, 112 ತುರ್ತು ಸೇವೆ, 14567 ಹಿರಿಯರ ಸಹಾಯವಾಣಿ. ಮೂರನ್ನೂ ಫೋನಿನಲ್ಲಿ ಸೇವ್ ಮಾಡಿಡಿ. ಮಕ್ಕಳು ಕೇಳಿದರೆ ದಿನಾ ಒಂದು ವಾಟ್ಸ್ಆ್ಯಪ್ ಕಳಿಸಿ: 'ಊಟ ಕೊಟ್ಟೆ. ಅಮ್ಮ ಚೆನ್ನಾಗಿದ್ದಾರೆ.' ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಬೇಡಿ.

8. ದುಡ್ಡು

ಪೆನ್ಷನ್ ತಿಂಗಳ ಮೊದಲಿಗೆ ಕೈಗೆ ಬರುತ್ತದೆ. 5ನೇ ತಾರೀಖಿನೊಳಗೆ ಆ ತಿಂಗಳದ್ದು ತೆಗೆದುಕೊಳ್ಳಿ. ಊಟ ಬೇಡವೆಂದರೆ ಹಿಂದಿನ ಸಂಜೆ ಏಳರೊಳಗೆ ಹೇಳಬೇಕು, ಹೇಳಿದರೆ ಆ ದಿನದ್ದು ಕಳೆಯಬೇಕು. ಇದನ್ನು ಮೊದಲ ದಿನವೇ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ, ಮನೆ ದುಡ್ಡು ವ್ಯಾಪಾರದ ದುಡ್ಡು ಬೆರೆಸಿಕೊಂಡವರಿಗೆ ಲೆಕ್ಕ ಕೊಡುವುದೇ ಕಷ್ಟವಾಯಿತು. 'ದುಡ್ಡು ಹಾಕುತ್ತೇನೆ, ಪಿನ್ ಒತ್ತಿ' ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ದುಡ್ಡು ಬರಲು ಪಿನ್ ಬೇಡ.

9. ರಜೆ ಮತ್ತು ಹಬ್ಬ

ವಾರಕ್ಕೊಂದು ದಿನ ರಜೆ ಬೇಕು, ಇಲ್ಲದಿದ್ದರೆ ಮೈ ತಡೆಯುವುದಿಲ್ಲ. ನಾನು ಭಾನುವಾರ ಕೊಡುವುದಿಲ್ಲ. ಕಾಯಿಲೆ ಬಿದ್ದ ದಿನಕ್ಕೆ ಇನ್ನೊಬ್ಬ ಅಡುಗೆಯವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಅವರಿಗೆ ಆ ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಕೊಡಿ.

ದಸರೆಯಲ್ಲಿ ಅರಮನೆ ಸುತ್ತಮುತ್ತ ಒನ್‌ವೇ ಆಗುತ್ತದೆ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸಯ್ಯಾಜಿರಾವ್ ರಸ್ತೆ ದಾಟಲು ಆಗುವುದೇ ಇಲ್ಲ. ಆ ಕಡೆ ಮನೆಗಳಿದ್ದರೆ ಹತ್ತೂವರೆಗೇ ಕೊಟ್ಟು ಬನ್ನಿ, ಹಿಂದಿನ ದಿನವೇ ತಿಳಿಸಿ.

ಯುಗಾದಿ, ಗೌರಿ ಹಬ್ಬಕ್ಕೆ ಮಾತ್ರ ರಜೆ ಹಾಕಬೇಡಿ. ಮಕ್ಕಳು ಬರುವ ಮನೆಯವರು ಅವರಾಗಿಯೇ 'ಇವತ್ತು ಬೇಡಮ್ಮ' ಎನ್ನುತ್ತಾರೆ. ಉಳಿದ ಮನೆಗಳು ಯಾವುವೆಂದು ನಿಮಗೆ ಗೊತ್ತಿರುತ್ತದೆ. ಯುಗಾದಿಗೆ ನನಗೆ ಒಂಬತ್ತು ಮನೆ ಉಳಿಯುತ್ತವೆ. ಅವಕ್ಕೆ ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಎರಡು ಒಬ್ಬಟ್ಟು, ಬೇರೆ ಪುಟ್ಟ ಡಬ್ಬಿಯಲ್ಲಿ ಬೇವು ಬೆಲ್ಲ. ಆ ದಿನ ಒಂದು ಮನೆಗೆ 4 ನಿಮಿಷ ಸಾಲದು, 10 ಇಟ್ಟುಕೊಳ್ಳಿ. ಒಳಗೆ ಬಂದು ಕೂತುಕೊಳ್ಳಮ್ಮ ಎನ್ನುತ್ತಾರೆ.